ಕುಂಕುಮದ ಕೆಳಗಿನ ಅಕ್ಷರ

ಬೆಳಗಿನ ಐದೂಮುಕ್ಕಾಲು. ಜೆ.ಪಿ. ನಗರದ ಈ ಒಳಬೀದಿಯಲ್ಲಿ ಹಾಲಿನ ಗಾಡಿ ಬಿಟ್ಟರೆ ಬೇರೇನೂ ಓಡಾಡುತ್ತಿಲ್ಲ. ದಾನಮ್ಮ ಶೆಡ್ಡಿನ ಷಟರನ್ನು ಎರಡೂ ಕೈ ಹಾಕಿ ಎತ್ತುತ್ತಾರೆ. ಲೈಟು ಹಾಕಿ, ನಿನ್ನೆ ಬಿದ್ದ ತಗಡಿನ ಚೂರುಗಳನ್ನೆಲ್ಲ ಗುಡಿಸಿ ಮೂಲೆಗೆ ರಾಶಿ ಮಾಡುತ್ತಾರೆ. ಉಳಿದವರು ಬರುವುದು ಏಳಕ್ಕೆ. ಅಷ್ಟರೊಳಗೆ ಅವರಿಗೆ ತಮ್ಮದೇ ಒಂದು ಕೆಲಸವಿದೆ.

ರಾಶಿಯಿಂದ ಅಂಗೈ ಅಗಲದ ಒಂದು ತಗಡು ಆರಿಸಿ, ಸೆರಗಿನಲ್ಲಿ ಎಣ್ಣೆ ಒರೆಸಿ, ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ರವಿಕೆಯೊಳಗಿನ ಸಣ್ಣ ಚೀಲದಿಂದ ಬಳಪ ತೆಗೆಯುತ್ತಾರೆ. ಮೇಲೆ ಒಂದು ಸಣ್ಣ ಓರೆ ಗೆರೆ. ಅದರ ಕೆಳಗೆ ಒಂದು ಅಡ್ಡಗೆರೆ. ಅದಕ್ಕಿಂತ ಕೊಂಚ ಉದ್ದದ ಇನ್ನೊಂದು ಅಡ್ಡಗೆರೆ. ಕೊನೆಗೆ ನಡುವಿನಿಂದ ಕೆಳಗಿಳಿದು, ತುದಿಯಲ್ಲಿ ಎಡಕ್ಕೆ ಕೊಕ್ಕೆಯಾಗುವ ಉದ್ದನೆಯ ಗೆರೆ. "ಒಂದು, ಎರಡು, ಮೂರು, ನಾಕು," ಎಂದು ಎಣಿಸಿ, "ತೆ," ಎನ್ನುತ್ತಾರೆ. ತಗಡಿನ ಮೇಲೆ ಮೂಡಿದ್ದು 手. ಜಪಾನಿನವರ ಕಾಂಜಿ ಲಿಪಿಯಲ್ಲಿ ಇದು 'ಕೈ'.

ನನ್ನ ಸಂಪಾದಕರು ನನ್ನನ್ನು ಇಲ್ಲಿಗೆ ಕಳಿಸಿದ್ದು ಒಂದು ಸ್ಫೂರ್ತಿಯ ಕಥೆಗೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು ಜಪಾನಿ ಕಲಿತಳಂತೆ, ಭಾನುವಾರದ ಪುರವಣಿಗೆ ಚೆನ್ನಾಗಿರುತ್ತದೆ, ಒಂದು ನಗುಮುಖದ ಫೋಟೊ ಇರಲಿ ಎಂದರು. ಮೊದಲೇ ಹೇಳಿಬಿಡುತ್ತೇನೆ, ಇದು ಅಂಥ ಕಥೆಯಲ್ಲ. ಫೋಟೊಗೆ ಅವರು ನಗಲೂ ಇಲ್ಲ. ಓದುವವರಿಗೆ ಬೆಳಗಿನ ಕಾಫಿ ರುಚಿಸದಿದ್ದರೆ ನಾನು ಹೊಣೆಯಲ್ಲ.

ದಾನಮ್ಮನಿಗೆ ನಲವತ್ತಮೂರು ವರ್ಷ. ಊರು ಲಿಂಗಸುಗೂರಿನ ಹತ್ತಿರದ ಒಂದು ಹಳ್ಳಿ. ಹತ್ತೊಂಬತ್ತು ವರ್ಷದ ಹಿಂದೆ ಗಂಡ ದ್ಯಾಮಣ್ಣನ ಜೊತೆ ಬಂದು ಬಿ.ಟಿ.ಎಂ. ಬಡಾವಣೆಯ ತಾವರೆಕೆರೆ ಕಡೆ ಒಂದು ವಠಾರದಲ್ಲಿ ಬಾಡಿಗೆಗೆ ನಿಂತರು. ದ್ಯಾಮಣ್ಣ ಅಪಾರ್ಟ್‌ಮೆಂಟೊಂದರಲ್ಲಿ ವಾಚ್‌ಮನ್. ದಾನಮ್ಮ ಪವರ್ ಪ್ರೆಸ್ ನಡೆಸುತ್ತಾರೆ. ಪವರ್ ಪ್ರೆಸ್ ಎಂದರೆ ಆಳಿಗಿಂತ ಎತ್ತರದ ಕಬ್ಬಿಣದ ಯಂತ್ರ. ಕೆಳಗೆ ಅಚ್ಚು, ಮೇಲಿನಿಂದ ಹತ್ತಾರು ಟನ್ ಬಲದಲ್ಲಿ ಇಳಿಯುವ ಗುದ್ದು. ನಡುವೆ ತಗಡಿಟ್ಟು ಪೆಡಲ್ ಒತ್ತಿದರೆ ಒಂದೇ ಏಟಿಗೆ ಅದು ಬೀಗದ ತಟ್ಟೆಯೋ ಕಪಾಟಿನ ಕೀಲೋ ಆಗುತ್ತದೆ. ನಮ್ಮ ನಿಮ್ಮ ಮನೆಯ ಬಾಗಿಲುಗಳೆಲ್ಲ ಹೀಗೆ ಯಾರೋ ಕೈಯಿಟ್ಟು ಕೈ ತೆಗೆದದ್ದರಿಂದಲೇ ತೆರೆದು ಮುಚ್ಚುತ್ತಿವೆ.

ಈ ಊರಿನ ಸಣ್ಣ ಶೆಡ್ಡುಗಳಲ್ಲಿ ಹೊಸ ಪ್ರೆಸ್ ತರುವವರು ಕಡಿಮೆ. ಹೊರದೇಶಗಳಲ್ಲಿ ದುಡಿದು ಹಳತಾದ ಯಂತ್ರಗಳು ಹಡಗಿನಲ್ಲಿ ಬಂದು, ಬಣ್ಣ ಬಳಿಸಿಕೊಂಡು, ಇಲ್ಲಿ ಎರಡನೇ ಬಾಳು ಶುರು ಮಾಡುತ್ತವೆ. ದಾನಮ್ಮ ಮೊದಲು ಕೆಲಸ ಮಾಡುತ್ತಿದ್ದ ಶೆಡ್ಡಿಗೆ ಹದಿನೈದು ವರ್ಷದ ಹಿಂದೆ ಅಂಥದ್ದೊಂದು ಜಪಾನಿ ಪ್ರೆಸ್ ಬಂತು. ತಿಳಿ ಹಸಿರು ಬಣ್ಣ. ಎದೆಯ ಎತ್ತರದಲ್ಲಿ ಒಂದು ಹಿತ್ತಾಳೆ ತಗಡು, ಅದರ ಮೇಲೆ ಕೊರೆದ ಜಪಾನಿ ಅಕ್ಷರ.

"ಅದು ಕಂಪನಿ ಹೆಸರು ಅಂದಿದ್ರು ಓನರ್. ಅಷ್ಟ್ ಚಂದ ಕೊರೆದಾರ ಅಂದ್ರ ಹೆಸರ ಇರಬೇಕು ಅಂತ ನಾವೂ ತಿಳ್ಕೊಂಡ್ವಿ," ಎನ್ನುತ್ತಾರೆ ದಾನಮ್ಮ. "ಆಯುಧಪೂಜಿ ಬಂದಾಗ ಕುಂಕುಮ ಎಲ್ಲಿ ಹಚ್ಚೂದು? ಉಳಿದ ಕಡಿ ಎಲ್ಲಾ ಎಣ್ಣಿ, ಜಾರತೈತಿ. ಆ ತಗಡು ಒಂದ ಒಣಾ ಇರೋದು. ಅಲ್ಲೇ ಅರಿಷಿಣ, ಅಲ್ಲೇ ಕುಂಕುಮ, ಅಲ್ಲೇ ಹೂವು. ಶೆಡ್ಡಿನಾಗ ಹೆಣ್ಮಗಳು ಅಂದ್ರ ನಾನ ಹಿರೇಕಿ. ಹನ್ನೊಂದ್ ವರ್ಷ ನನ್ನ ಕೈಯಾರ ಹಚ್ಚೀನ್ರಿ ಅಕ್ಕಾರ."

ವರ್ಷಕ್ಕೊಮ್ಮೆ ಆಯುಧಪೂಜೆ, ವಾರಕ್ಕೊಮ್ಮೆ ಶುಕ್ರವಾರದ ಪೂಜೆ. ಕುಂಕುಮದ ಮೇಲೆ ಕುಂಕುಮ ಕೂತು, ಎಣ್ಣೆಯ ಜಿಡ್ಡು ಸೇರಿ, ಆ ತಗಡು ಗುಡಿಯ ಹೊಸ್ತಿಲಿನಂತೆ ಕಪ್ಪುಗೆಂಪಾಯಿತು. ಅಕ್ಷರಗಳು ಒಳಗೇ ಮುಚ್ಚಿಹೋದವು. ಅಲ್ಲಿ ಅಕ್ಷರಗಳಿದ್ದವು ಎಂಬುದೂ ಮರೆತುಹೋಯಿತು.

ಆ ಯಂತ್ರಕ್ಕೆ ಬಂದಾಗ ಎರಡು ಗುಂಡಿಗಳಿದ್ದವು, ಬಲಕ್ಕೊಂದು, ಎಡಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಗುದ್ದು ಇಳಿಯುತ್ತಿತ್ತು. ಇದರಿಂದ ಕೆಲಸ ನಿಧಾನ ಎಂದು, ಯಂತ್ರ ಬಂದ ವಾರವೇ ಯಜಮಾನರು ಗುಂಡಿಗಳ ತಂತಿ ಬಿಚ್ಚಿಸಿ, ಕಾಲಲ್ಲಿ ಒತ್ತುವ ಪೆಡಲ್ ಹಾಕಿಸಿದರು. ಕೈ ಎರಡೂ ಬಿಡುವಾದವು. ಪಾಳಿಗೆ ಸಾವಿರದ ಇನ್ನೂರು ಪೀಸು ಬರುತ್ತಿದ್ದದ್ದು ಎರಡು ಸಾವಿರಕ್ಕೆ ಏರಿತು. ಎಲ್ಲರಿಗೂ ಖುಷಿ.

ಎಂಟು ವರ್ಷದ ಹಿಂದೆ ದಾನಮ್ಮ ಊರಿಂದ ತಂಗಿ ಪಾರವ್ವನನ್ನು ಕರೆಸಿಕೊಂಡು ಅದೇ ಶೆಡ್ಡಿಗೆ ಸೇರಿಸಿದರು. ಪಾರವ್ವನಿಗೆ ಆಗ ಇಪ್ಪತ್ತೆರಡು. ಹಸಿರು ಪ್ರೆಸ್ಸಿನ ಕೆಲಸ ಅಕ್ಕನೇ ಕಲಿಸಿದ್ದು. ಪೀಸು ಇಡು, ಒತ್ತು, ತೆಗಿ. ಇಡು, ಒತ್ತು, ತೆಗಿ. ತಂಗಿ ಅಕ್ಕನಿಗಿಂತ ಚುರುಕು.

ನಾಲ್ಕು ವರ್ಷದ ಹಿಂದಿನ ಶ್ರಾವಣದಲ್ಲಿ, ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಪೀಸೊಂದು ಅಚ್ಚಿನಲ್ಲಿ ಸಿಕ್ಕಿಕೊಂಡಿತು. ಬಿಡಿಸಲು ಪಾರವ್ವ ಬಲಗೈ ಹಾಕಿದರು. ಕಾಲು ಪೆಡಲಿನ ಮೇಲೇ ಇತ್ತು. ಹೆಬ್ಬೆರಳೊಂದು ಉಳಿಯಿತು.

ಆಸ್ಪತ್ರೆಯ ಖರ್ಚನ್ನು ಯಜಮಾನರೇ ಕೊಟ್ಟರು, ಅದನ್ನು ಬರೆಯದಿದ್ದರೆ ತಪ್ಪಾಗುತ್ತದೆ ಎಂದು ದಾನಮ್ಮ ಎರಡು ಸಲ ಹೇಳಿದ್ದಾರೆ. ಬರೆದಿದ್ದೇನೆ. ಮೂರನೇ ದಿನ ಯಂತ್ರ ತೊಳೆಯಲು ಯಾರೂ ಮುಂದೆ ಬರಲಿಲ್ಲ. ದಾನಮ್ಮನೇ ಸೀಮೆಎಣ್ಣೆ, ಬಟ್ಟೆ ಹಿಡಿದು ನಿಂತರು. ತಂಗಿಯ ರಕ್ತ ಒರೆಸುತ್ತ ಒರೆಸುತ್ತ ಮೇಲಿನ ತಗಡನ್ನೂ ಉಜ್ಜಿದರು. ಹನ್ನೊಂದು ವರ್ಷದ ಕುಂಕುಮ ಕರಗಿ ಸುರಿಯಿತು, ಅಕ್ಷರಗಳು ಎದ್ದು ಬಂದವು. ಪಕ್ಕದವರ ಫೋನಿನಲ್ಲಿ ಆ ತಗಡಿನದೊಂದು ಫೋಟೊ ತೆಗೆಸಿಕೊಂಡರು. ಯಾಕೆ ತೆಗೆಸಿದಿರಿ ಎಂದರೆ ಅವರಿಗೂ ಗೊತ್ತಿಲ್ಲ.

ತಾವರೆಕೆರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಲಿಖಿತ್ ಆ ಫೋಟೊವನ್ನು ತನ್ನ ಫೋನಿನ ಅನುವಾದಕ್ಕೆ ಹಾಕಿದ. "ಎರಡು ಸೆಕೆಂಡ್ ಆಗಿಲ್ಲ ಮೇಡಂ, ಬಂದ್ಬಿಡ್ತು," ಎನ್ನುತ್ತಾನೆ ಅವನು. "ಓದಿ ಹೇಳಿದೆ. ಆಂಟಿ ಅಲ್ಲೇ ಸ್ಟೂಲ್ ಮೇಲೆ ಕೂತ್ಬಿಟ್ರು. ನೀರು ಕೊಟ್ರೂ ಕುಡೀಲಿಲ್ಲ. ಯಾಕಾದ್ರೂ ಓದಿದ್ನೋ ಅನ್ನಿಸ್ತು."

ತಗಡಿನ ಮೇಲೆ ಇದ್ದದ್ದು ಇಷ್ಟೆ: ಅಪಾಯ. ಕೈ ಒಳಗೆ ಹಾಕಬೇಡ.

ಕೇಳಿದಾಗ ನನಗೆ ಕೋಪ ಬಂತು. ಯಾರ ಮೇಲೆ ಎಂದು ಗೊತ್ತಾಗದ ಕೋಪ. ಯಂತ್ರ ಮಾಡಿದವರು ಎಚ್ಚರಿಕೆಯನ್ನು ಹಿತ್ತಾಳೆಯಲ್ಲಿ ಕೊರೆದು ಕಳಿಸಿದ್ದಾರೆ. ನಮ್ಮವರು ಭಕ್ತಿಯಿಂದ ಅದಕ್ಕೆ ಕೈ ಮುಗಿದಿದ್ದಾರೆ. ಇದರಲ್ಲಿ ಯಾರನ್ನು ಬೈಯುವುದು ಹೇಳಿ.

ಪಾರವ್ವ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಯಜಮಾನರು ಪ್ರೆಸ್ಸನ್ನು ಮಾರಿಯಾಗಿತ್ತು. ರಕ್ತ ಕುಡಿದ ಯಂತ್ರ ಶೆಡ್ಡಿನಲ್ಲಿ ಇರಬಾರದೆಂದು ಯಾರೋ ಹೇಳಿದ್ದರಂತೆ. ಕೊಂಡವನು ಹಳೆ ಯಂತ್ರಗಳ ದಲ್ಲಾಳಿ ಚಿನ್ನಪ್ಪ. ದಾನಮ್ಮ ಅವನನ್ನು ಹುಡುಕಿಕೊಂಡು ಹೋದಾಗ ಅವನೂ ಅದನ್ನು ಮಾರಿದ್ದ. "ನೀಲಿ ಬಣ್ಣ ಹೊಡ್ಸಿ ಕೊಟ್ಟೆ ಕಣಮ್ಮ. ಬನಶಂಕರಿ ಸೈಡೋ, ಕತ್ರಿಗುಪ್ಪೆ ಸೈಡೋ, ನಂಗೆಲ್ಲಿ ನೆನಪಿರುತ್ತೆ? ತಿಂಗಳಿಗೆ ಹತ್ತು ಮೆಷಿನ್ ಹೋಗುತ್ತೆ," ಎಂದ. ಕೊಂಡವನಿಗೆ ಕೈ ಹೋದ ವಿಷಯ ಹೇಳಿದೆಯಾ ಎಂದು ದಾನಮ್ಮ ಕೇಳಿದರು. ಅವನು ನಕ್ಕುಬಿಟ್ಟ.

ಅವತ್ತಿನಿಂದ ದಾನಮ್ಮನಿಗೆ ಒಂದೇ ಚಿಂತೆ. ಆ ಯಂತ್ರ ಇದೇ ಊರಿನಲ್ಲಿ, ಯಾವುದೋ ಶೆಡ್ಡಿನಲ್ಲಿ, ಯಾರದೋ ಮನೆಯ ಹೆಣ್ಣುಮಗಳ ಮುಂದೆ ನಿಂತಿದೆ. ಇನ್ನೊಂದು ಕೈ ತೆಗೆದುಕೊಳ್ಳುವ ಮೊದಲು ಅದನ್ನು ಹುಡುಕಬೇಕು. ಹುಡುಕಿ, ಅದರ ಮುಂದೆ ಕೂತವರಿಗೆ ತಗಡಿನಲ್ಲಿರುವುದನ್ನು ಓದಿ ಹೇಳಬೇಕು.

ಫೋನ್ ಎರಡು ಸೆಕೆಂಡಿನಲ್ಲಿ ಓದುವಾಗ ಅಕ್ಷರ ಕಲಿಯುವುದೇಕೆ? ನಾನೂ ಕೇಳಿದೆ. ಉತ್ತರ ಸರಳವಾಗಿದೆ. ಫೋನಿಗೆ ಕಣ್ಣಿಗೆ ಕಾಣುವ ಅಕ್ಷರ ಬೇಕು. ಹಳೆ ಯಂತ್ರಗಳ ತಗಡಿನ ಮೇಲೆ ಮೂರು ಪದರ ಬಣ್ಣ, ಹತ್ತು ವರ್ಷದ ಜಿಡ್ಡು. ಅಲ್ಲಿ ಓದಬೇಕಾದದ್ದು ಬೆರಳು. ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಬೆರಳಿಗೆ ಗೊತ್ತಿರಬೇಕು. ಅಲ್ಲದೆ ದಾನಮ್ಮನ ಹತ್ತಿರ ಇರುವುದು ಗುಂಡಿ ಒತ್ತುವ ಹಳೆಯ ಫೋನು.

ವಠಾರದ ಪಕ್ಕದ ಮನೆಯಾಕೆ ಜಯನಗರದ ಪಂಕಜಾ ಮೇಡಂ ಮನೆಯಲ್ಲಿ ಪಾತ್ರೆ ತೊಳೆಯುತ್ತಾರೆ. 'ನಮ್ಮ ಮೇಡಂ ಕರಿಹಲಗಿ ಮೇಲೆ ಇಂಥವೇ ಗೀಟು ಎಳೀತಾರ' ಎಂದು ಆಕೆಯೇ ಕರೆದುಕೊಂಡು ಹೋದದ್ದು. ಪಂಕಜಾ ಅವರಿಗೆ ಅರವತ್ತೆಂಟು. ಮೂವತ್ತು ವರ್ಷದಿಂದ ಮನೆಯಲ್ಲೇ ಜಪಾನಿ ಕಲಿಸುತ್ತಾರೆ. ಬರುವವರೆಲ್ಲ ಕಂಪನಿ ಕೆಲಸದವರು, ಕಾಲೇಜಿನವರು. "ನಾನು ಮೊದ್ಲು ಬೇಡ ಅಂದೆ," ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ ಪಂಕಜಾ. "ಅರ್ಥ ಗೊತ್ತಾಯ್ತಲ್ಲ ದಾನಮ್ಮ, ಇನ್ನೇನು ಬೇಕು ನಿಮ್ಗೆ ಅಂದೆ. ಆಕೆ, 'ಅದರ ಮುಖ ಗುರ್ತು ಹಿಡೀಬೇಕ್ರಿ ಮೇಡಂ, ಎಲ್ಲಿ ಕಂಡ್ರೂ' ಅಂದ್ರು. ನನ್ನ ಹತ್ರ ನೂರಾರು ಜನ ಕಲ್ತಿದ್ದಾರೆ. ಒಂದು ಅಕ್ಷರಾನ ಕಳ್ಳನ್ನ ಹುಡುಕೋ ಹಾಗೆ ಯಾರೂ ಹುಡುಕಿರ್ಲಿಲ್ಲ."

ಪಾಠ ಗುರುವಾರ ಬೆಳಿಗ್ಗೆ ಐದಕ್ಕೆ, ಶೆಡ್ಡಿಗೆ ಹೋಗುವ ಮೊದಲು. ಫೀಸು ಬೇಡವೆಂದರು ಮೇಡಂ, ದಾನಮ್ಮ ವಾರಕ್ಕೆರಡು ಖಡಕ್ ರೊಟ್ಟಿ ತಂದುಕೊಡುತ್ತಾರೆ. ಮೊದಲ ತಿಂಗಳು ಬರೀ ಬೈಗುಳ. ದಾನಮ್ಮನದು ರಂಗೋಲಿಯ ಕೈ, ಗೆರೆ ಮುಗಿದರೂ ಎತ್ತದೆ ಮುಂದಿನ ಗೆರೆಗೆ ಎಳೆದುಬಿಡುತ್ತಿದ್ದರು. ಒಂದೊಂದು ಗೆರೆಗೂ ಕೈ ಎತ್ತಿ, ಎತ್ತಿ ಎಂದು ಹೇಳಿ ಹೇಳಿ ಮೇಡಂಗೆ ಗಂಟಲು ಕಟ್ಟಿತು.

ಅಕ್ಷರ ಕಲಿತ ಮೇಲೆ ಅದರ ಬಳಗ. ಕಾಂಜಿಯಲ್ಲಿ ಒಂದಕ್ಷರ ಇನ್ನೊಂದರ ಜೊತೆ ಸೇರಿ ಹೊಸ ಪದವಾಗುತ್ತದೆ, ಆದ್ದರಿಂದ ಒಂದನ್ನು ಕಲಿತರೆ ಹತ್ತು ಪದ ಕಲಿಯಬೇಕು ಎಂಬುದು ಪಂಕಜಾ ಅವರ ಕ್ರಮ. ಕೈಗೆ ಕಾಗದ ಸೇರಿದರೆ ಪತ್ರ, 'ತೆಗಾಮಿ'. ಕೈಗೆ ಚೀಲ ಸೇರಿದರೆ ಕೈಗವಸು, 'ತೆಬುಕುರೊ'. ಬಲ ಸೇರಿದರೆ ಬಲಗೈ, 'ಮಿಗಿತೆ'. ಈ ಮಿಗಿತೆ ಕಲಿಯಲು ದಾನಮ್ಮನಿಗೆ ಮೂರು ವಾರ ಬೇಕಾಯಿತು. ಕಷ್ಟವೆಂದಲ್ಲ, ಬರೆಯಲು ಹೋದಾಗಲೆಲ್ಲ ಕಣ್ಣು ತುಂಬುತ್ತಿತ್ತು. ಒಂದು ಗುರುವಾರ ಮೇಡಂ ಎಂದಿನಂತೆ 'ಕಡಿ' ಎಂಬ ಅಕ್ಷರ ಬರೆದು ಅದರ ಪಕ್ಕ 'ಕೈ' ಬರೆದರು. ಎರಡೂ ಸೇರಿದರೆ ಅಂಚೆಚೀಟಿ, ಅಷ್ಟೆ. ಮೂವತ್ತು ವರ್ಷದಿಂದ ಎಲ್ಲರಿಗೂ ಕಲಿಸಿದ ಪದ. ದಾನಮ್ಮ ಬಳಪ ಕೆಳಗಿಟ್ಟು ಎದ್ದುಹೋದರು.

"ನಂಗೆ ಹೊಳೀಲೇ ಇಲ್ಲ ನೋಡಿ," ಎನ್ನುತ್ತಾರೆ ಪಂಕಜಾ. "ಎಂಥ ದಡ್ಡಿ ನಾನು. ಎರಡು ವಾರ ಬರ್ಲಿಲ್ಲ. ಮೂರನೇ ವಾರ ಬಂದು, 'ಮುಂದಿನ ಪದ ಹೇಳ್ರಿ ಮೇಡಂ' ಅಂದ್ರು."

ಮುಂದಿನ ಪದ ಇನ್ನೂ ಕೆಟ್ಟದ್ದು. 'ಎರಡೂ' ಎಂಬ ಅಕ್ಷರದ ಜೊತೆ ಕೈ ಸೇರಿದರೆ 'ರ್ಯೋತೆ', ಎರಡೂ ಕೈ. ಬರೆದ ತಕ್ಷಣ ದಾನಮ್ಮನಿಗೆ ಗುರುತು ಸಿಕ್ಕಿತು. ಹಸಿರು ಪ್ರೆಸ್ಸಿನಲ್ಲಿ ಬಿಚ್ಚಿಹಾಕಿದ ಆ ಎರಡು ಗುಂಡಿಗಳ ನಡುವೆ ಇದ್ದ ಸಣ್ಣ ಚೀಟಿಯ ಮೇಲೆ ಇದೇ ಇತ್ತು.

"ಎರಡೂ ಕೈ ಗುಂಡಿ ಮ್ಯಾಲೆ ಇದ್ರ, ಒಳಗ ಹೋಗಾಕ ಮೂರನೇ ಕೈ ಎಲ್ಲಿಂದ ಬರ್ತೈತ್ರಿ?" ಎಂದು ಕೇಳುತ್ತಾರೆ ದಾನಮ್ಮ. "ಅವರು ಎಷ್ಟ್ ಯೋಚನಿ ಮಾಡಿ ಇಟ್ಟಿದ್ರು. ನಮ್ಮ ಓನರಿಗೆ ಜಪಾನಿ ಓದಾಕ ಬರ್ತಿದ್ದಿಲ್ಲ ಖರೇ. ಆದ್ರ ಎರಡು ಗುಂಡಿ ಯಾಕದಾವ ಅಂತ ತಿಳೀಲಾರದಷ್ಟು ದಡ್ಡ ಅಲ್ಲ ಅಂವ."

ಮೂರೂವರೆ ವರ್ಷವಾಯಿತು. ದಾನಮ್ಮ ಈಗ ಇರುವ ಶೆಡ್ಡಿಗೆ ವಾರದ ರಜೆ ಶುಕ್ರವಾರ, ಉಳಿದ ಶೆಡ್ಡುಗಳಿಗೆ ಭಾನುವಾರ. ಹಾಗಾಗಿ ಪ್ರತಿ ಶುಕ್ರವಾರ ಬೆಳಿಗ್ಗೆ ಮಡಿ ಸೀರೆ ಉಟ್ಟು, ಬುಟ್ಟಿಯಲ್ಲಿ ಹೂವು, ಊದಿನಕಡ್ಡಿ, ಅರಿಷಿಣ ಕುಂಕುಮ ಇಟ್ಟುಕೊಂಡು ಹೊರಡುತ್ತಾರೆ. ಮೊದಮೊದಲು ಇದ್ದ ವಿಷಯ ಇದ್ದಂತೆ ಹೇಳಿ ಒಳಗೆ ಬಿಡಿ ಎಂದು ಕೇಳುತ್ತಿದ್ದರು. ಯಾರೂ ಬಿಡಲಿಲ್ಲ. ಒಬ್ಬ ಯಜಮಾನ ನಾಯಿ ಬಿಟ್ಟನಂತೆ. ಈಗ ಹೇಳುವುದು ಒಂದೇ ಮಾತು: ಮೆಷಿನ್ನಿಗೆ ಶುಕ್ರವಾರದ ಪೂಜೆ ಮಾಡಿಕೊಡ್ತೀನಿ, ದುಡ್ಡು ಬೇಡ. ಪೂಜೆ ಎಂದರೆ ಬೇಡ ಎನ್ನುವ ಯಜಮಾನ ಬೆಂಗಳೂರಿನಲ್ಲಿ ಇನ್ನೂ ಹುಟ್ಟಿಲ್ಲ.

ಒಳಗೆ ಹೋದ ಮೇಲಿನ ಕೆಲಸ ನೋಡಬೇಕು. ತಗಡನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸುತ್ತಾರೆ. ಒಣಗಿದ ಮೇಲೆ ಕುಂಕುಮವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿಕ್ಕುತ್ತಾರೆ, ಕೊರೆದ ಗೆರೆಗಳೊಳಗೆ ಅದು ತುಂಬಿಕೊಳ್ಳುವ ಹಾಗೆ. ಆಮೇಲೆ ಒಣಬಟ್ಟೆಯಲ್ಲಿ ಮೇಲ್ಮೇಲೆ ಒರೆಸಿದರೆ ತಗಡು ಸ್ವಚ್ಛ, ಅಕ್ಷರ ಕೆಂಪು. ಹನ್ನೊಂದು ವರ್ಷ ಅಕ್ಷರ ಮುಚ್ಚಿದ ಕುಂಕುಮದಲ್ಲೇ ಈಗ ಅಕ್ಷರ ತೆಗೆಯುತ್ತಾರೆ. ಓದಿ, ಕನ್ನಡದಲ್ಲಿ ಅರ್ಥ ಹೇಳಿ, ಯಜಮಾನರು ಒಪ್ಪಿದರೆ ಎಣ್ಣೆ ಬಣ್ಣದಲ್ಲಿ ಕೆಳಗೆ ಬರೆದು ಬರುತ್ತಾರೆ. ಒಪ್ಪುವವರು ಕಡಿಮೆ. ಕಾರ್ಮಿಕರು ಹೆದರಿಕೊಂಡರೆ ಕೆಲಸ ಓಡುವುದಿಲ್ಲವಂತೆ.

ಶಾಲೆಯ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿಟ್ಟಿದ್ದಾರೆ. ಶೆಡ್ಡುಗಳು ನೂರಾ ಹನ್ನೆರಡು. ಜಪಾನಿ ಪ್ರೆಸ್ ಸಿಕ್ಕಿದ್ದು ಮೂವತ್ತೆಂಟು. ತಗಡಿನ ಮೇಲೆ 'ಕೈ' ಇದ್ದದ್ದು ಹತ್ತೊಂಬತ್ತರಲ್ಲಿ. ಆ ಹತ್ತೊಂಬತ್ತರಲ್ಲಿ ಎರಡು ಗುಂಡಿ ಇನ್ನೂ ಕೆಲಸ ಮಾಡುತ್ತಿರುವುದು ಎರಡರಲ್ಲಿ. ಬೆರಳು ಹೋದವರು, ಅವರು ಮಾತಾಡಿಸಿದ ಮಟ್ಟಿಗೆ, ಹದಿನಾಲ್ಕು ಜನ. ಹುಡುಕುತ್ತಿರುವ ಹಸಿರು ಪ್ರೆಸ್ ಮಾತ್ರ ಆ ಪುಸ್ತಕದಲ್ಲಿ ಇಲ್ಲ. ಬಣ್ಣ ಬದಲಾದರೂ ಅದರ ಗುರುತು ದಾನಮ್ಮನ ಬೆರಳಿಗೆ ಗೊತ್ತು: 'ಕೈ' ಅಕ್ಷರದ ಕೆಳಗಿನ ಅಡ್ಡಗೆರೆಯ ಮೇಲೆ ಸುತ್ತಿಗೆ ತಾಗಿದ ಒಂದು ಸಣ್ಣ ಗುಳಿ.

ಬುಧವಾರ ಸಂಜೆ ಅವರ ಮನೆಗೆ ಹೋಗಿದ್ದೆ. ಹತ್ತು ಅಡಿ ಹತ್ತು ಅಡಿಯ ಕೋಣೆ. ಪಾರವ್ವ ಎಡಗೈಯಲ್ಲಿ ಚಹಾ ಕೊಟ್ಟರು. ಬಲಗೈ ಸೆರಗಿನೊಳಗಿತ್ತು. ಅವರಿಗೀಗ ಮೂವತ್ತು, ಒಂದು ಬಟ್ಟೆ ಅಂಗಡಿಯಲ್ಲಿ ಬಾಗಿಲು ಕಾಯುತ್ತಾರೆ. ಅಕ್ಕನ ಪಾಠದ ಬಗ್ಗೆ ಕೇಳಿದೆ.

"ಕೋಟಿ ಸೂರಿ ಹೋದ ಮ್ಯಾಲೆ ದಿಡ್ಡಿ ಬಾಗಿಲು ಹಾಕ್ಯಾಳ ನಮ್ಮಕ್ಕ," ಎಂದರು. "ಆಕಿ ಅಕ್ಷರ ಕಲ್ತ್ರ ನನ್ನ ಬೆರಳು ಬರ್ತಾವೇನ್ರಿ? ಒಂದ್ ಮಾತು ಹೇಳ್ತೀನಿ, ಬರ್ಕೋರಿ. ಆ ತಗಡಿನ ಮ್ಯಾಲೆ ಕನ್ನಡದಾಗ ಬರ್ದಿದ್ರೂ ನಾನು ಕೈ ಹಾಕ್ತಿದ್ದೆ. ಎರಡ್ ಸಾವಿರ ಪೀಸು ಆಗಬೇಕು. ಸಿಕ್ಕೊಂಡಿದ್ದನ್ನ ಕಡ್ಡಿ ಹುಡುಕಿ ತಗ್ಯಾಕ ಯಾರಿಗೆ ಟೈಮ್ ಐತಿ?"

ದಾನಮ್ಮ ಒಲೆಯ ಮುಂದೆ ಕೂತಿದ್ದರು. ರೊಟ್ಟಿ ತಟ್ಟುತ್ತಲೇ ಇದ್ದರು.

ಹೊರಗೆ ಬಂದ ಮೇಲೆ ನನ್ನ ಹತ್ತಿರ ಹೇಳಿದರು: "ಆಕಿ ಸಿಟ್ಟಿಗೆ ಹಂಗಂತಾಳ್ರಿ. ಓದಿದ್ರ ಹೆದರಿಕಿ ಹುಟ್ಟತೈತಿ. ಹೆದರಿಕಿ ಹುಟ್ಟಿದ್ರ ಕೈ ತಾನ ಹಿಂದ ಬರ್ತೈತಿ. ಹಂಗಲ್ಲಾಂದ್ರ ನಾನು ಇಷ್ಟ್ ವರ್ಷ ಏನ್ ಮಾಡಿದಂಗಾತ್ರಿ?"

ಶುಕ್ರವಾರ ನಾನೂ ಬರುತ್ತೇನೆ ಎಂದೆ.

ಶುಕ್ರವಾರ ಬನಶಂಕರಿಯಲ್ಲಿ ಸೇರಿ, ಅಲ್ಲಿಂದ ಕತ್ರಿಗುಪ್ಪೆಯಲ್ಲಿ ಅವರು ಇನ್ನೂ ನೋಡದೆ ಉಳಿದಿದ್ದ ಒಂದು ಬೀದಿಗೆ ಹೋದೆವು. ಮೊದಲ ಎರಡು ಶೆಡ್ಡುಗಳಲ್ಲಿ ಜಪಾನಿ ಯಂತ್ರವೇ ಇರಲಿಲ್ಲ. ಮೂರನೆಯದು ಒಂದು ಮನೆಯ ನೆಲಮಹಡಿ. ಮೇಲೆ ಯಾರೋ ಬಟ್ಟೆ ಒಣಹಾಕಿದ್ದಾರೆ, ಕೆಳಗೆ ಮೂರು ಪ್ರೆಸ್ಸು ಕಪಾಟಿನ ಕೀಲು ಮಾಡುತ್ತಿವೆ. ಯಜಮಾನರು ಬ್ಯಾಂಕಿಗೆ ಹೋಗಿದ್ದರು. ಕೊನೆಯ ಯಂತ್ರದ ಮುಂದೆ ಇದ್ದದ್ದು ಶೈಲಶ್ರೀ ಎಂಬ, ಇನ್ನೂ ಮೂವತ್ತು ದಾಟದ ಹೆಣ್ಣುಮಗಳು. "ಪೂಜೆನಾ ಅಕ್ಕ? ಬೇಗ ಮುಗ್ಸಿ, ಸಾರ್ ಬಂದ್ರೆ ಬೈತಾರೆ," ಎಂದು ಮೋಟರ್ ಆರಿಸಿ ಪಕ್ಕಕ್ಕೆ ನಿಂತರು.

ಯಂತ್ರಕ್ಕೆ ನೀಲಿ ಬಣ್ಣ. ಎದೆಯ ಎತ್ತರದಲ್ಲಿ ತಗಡು. ಅದರ ಮೇಲೆ ಬೆರಳು ದಪ್ಪ ಕುಂಕುಮ, ಅವತ್ತಿನ ಬೆಳಿಗ್ಗೆಯ ಸೇವಂತಿಗೆ. ದಾನಮ್ಮ ಹೂವು ತೆಗೆದಿಟ್ಟರು. ಸೀಮೆಎಣ್ಣೆಯಲ್ಲಿ ಒರೆಸಿದರು. ತೋರುಬೆರಳಿನಿಂದ ನಿಧಾನವಾಗಿ, ಪ್ರತಿ ಗೆರೆಗೂ ಕೈ ಎತ್ತಿ, ಬರೆಯುವ ಹಾಗೆಯೇ ಸವರಿದರು. ಓರೆ ಗೆರೆ. ಅಡ್ಡಗೆರೆ. ಎರಡನೇ ಅಡ್ಡಗೆರೆಯ ಮೇಲಿನ ಗುಳಿಯಲ್ಲಿ ಬೆರಳು ನಿಂತಿತು. ಅಲ್ಲೇ ಬಹಳ ಹೊತ್ತು ನಿಂತಿತು.

"ಇದ ರೀ ಅಕ್ಕಾರ," ಎಂದರು.

ಕುಂಕುಮ ತುಂಬಿದರು, ಒರೆಸಿದರು. ಅಕ್ಷರಗಳು ಕೆಂಪಗೆ ಎದ್ದವು. ಶೈಲಶ್ರೀಯನ್ನು ಹತ್ತಿರ ಕರೆದು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದರು: "ಕಿಕೆನ್. ತೆ ಒ ಇರೆರುನಾ. ಅಪಾಯ ಅಂತ ಬರ್ದಾರವ್ವಾ. ಕೈ ಒಳಗ ಹಾಕಬ್ಯಾಡ ಅಂತ. ಈ ಮೆಷಿನ್ ನನ್ನ ತಂಗಿ ಕೈ ತಗೊಂಡೈತಿ. ನಾಕು ಬೆರಳು. ಇದರ ಮುಂದ ಆಕಿ ನಿನ್ನಂಗ ನಿಂತಿದ್ಲು."

ನಾನು ಶೈಲಶ್ರೀಯ ಮುಖ ನೋಡುತ್ತಿದ್ದೆ. ಗಾಬರಿಯಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ.

"ಗೊತ್ತಕ್ಕ," ಎಂದರು ಶೈಲಶ್ರೀ ಮೆಲ್ಲಗೆ. "ಏನು ಬರೆದಿದೆ ಅಂತ ಗೊತ್ತಿರ್ಲಿಲ್ಲ. ಆದ್ರೆ ಇದು ಕೈ ತಿಂದಿರೋ ಮೆಷಿನ್ ಅಂತ ಎಲ್ರಿಗೂ ಗೊತ್ತು. ಇಲ್ಲಿಗೆ ಬಂದ್ಮೇಲೂ ಒಬ್ಬಂದು ಎರಡು ಬೆರಳು ಹೋಯ್ತು, ಆಮೇಲೆ ಅವ್ನು ಬರ್ಲಿಲ್ಲ. ಅದಕ್ಕೇ ಇದೊಂದಕ್ಕೆ ದಿನಾ ಪೂಜೆ. ಬೇರೆ ಎರಡಕ್ಕೆ ಬರೀ ಶುಕ್ರವಾರ."

"ಗೊತ್ತಿದ್ದೂ ಕೈ ಹಾಕ್ತೀಯೇನವ್ವಾ?" ಎಂದು ಕೇಳಿದರು ದಾನಮ್ಮ.

"ಹಾಕ್ದೆ ಪೀಸ್ ಹೇಗಕ್ಕ ತೆಗ್ಯೋದು? ಎರಡು ಸಾವಿರದ ಇನ್ನೂರು ಆಗ್ಬೇಕು. ಮನೇಲಿ ಇಬ್ರು ಮಕ್ಳು. ಈಗ್ಲೇ ಹತ್ತು ನಿಮಿಷ ಹೋಯ್ತು ನಂದು," ಎಂದು ಮೋಟರ್ ಹಾಕಿದರು. ಕೆಲಸ ಶುರು ಮಾಡುವ ಮುಂಚೆ ಹೊಸ ಕುಂಕುಮವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕಾಲು ಪೆಡಲಿಗೆ ಹೋಯಿತು, ಕೈ ಒಳಕ್ಕೆ ಹೋಯಿತು.

ದಾನಮ್ಮ ಅಲ್ಲಿಂದ ಕದಲಲಿಲ್ಲ. ಬುಟ್ಟಿ ಸೊಂಟಕ್ಕೆ ಒತ್ತಿ ಹಿಡಿದು ಪಕ್ಕದಲ್ಲೇ ನಿಂತರು. ಗುದ್ದು ಇಳಿಯುವ ಪ್ರತಿಸಲವೂ ಅವರ ಬಾಯಿಂದ ಒಂದು ಮಾತು ಬರುತ್ತಿತ್ತು. ಯಂತ್ರದ ಸದ್ದಿನಲ್ಲಿ ನನಗೆ ಕೇಳಲಿಲ್ಲ, ಹತ್ತಿರ ಹೋದ ಮೇಲೆ ಕೇಳಿತು. "ಎತ್ತು. ಎತ್ತವ್ವಾ. ಎತ್ತು." ನಿಮಿಷಕ್ಕೆ ನಾಲ್ಕು ಸಲ, ಐದು ಸಲ. ಇಪ್ಪತ್ತು ನಿಮಿಷ ಹಾಗೆ ನಿಂತಿದ್ದರು. ಯಜಮಾನರು ಬಂದು, ಪೂಜೆ ಆಯ್ತಲ್ಲಮ್ಮ, ಹೊರಡಿ ಎಂದರು. ಹೊರಟೆವು.

ಬಸ್‌ಸ್ಟಾಪಿನಲ್ಲಿ ನಾನು ರೇಗಾಡಿದೆ. ದೂರು ಕೊಡೋಣ, ಇಲಾಖೆಗೆ ಬರೆಯೋಣ, ಪತ್ರಿಕೆಯಲ್ಲಿ ಶೆಡ್ಡಿನ ಹೆಸರು, ವಿಳಾಸ ಎಲ್ಲ ಹಾಕುತ್ತೇನೆ ಎಂದೆ. ದಾನಮ್ಮ ನನ್ನ ಕೈ ಹಿಡಿದುಕೊಂಡರು. "ಬ್ಯಾಡ್ರಿ. ಒಂದ್ಸಲ ಬರ್ಸಿ ನೋಡೀನಿ, ಎರಡು ವರ್ಷದ ಹಿಂದ, ಬ್ಯಾರೆ ಶೆಡ್ಡಿಂದು. ಯಾರೋ ಬಂದ್ರಂತ, ನೋಡಿದ್ರಂತ, ಹೋದ್ರಂತ. ಮರುವಾರ ಓನರ್ ಮೆಷಿನ್ ಮಾರಿಬಿಟ್ಟ. ಅದು ಎಲ್ಲಿ ಹೋತು ಅಂತ ಇವತ್ತಿಗೂ ಸಿಕ್ಕಿಲ್ಲ. ಇದನ್ನೂ ಮಾರಿಬಿಟ್ರ ನಾ ಮತ್ತ ಮೂರೂವರೆ ವರ್ಷ ಹುಡುಕಾಕ ಆಗೂದಿಲ್ರಿ." ಈ ಲೇಖನದಲ್ಲಿ ಶೆಡ್ಡಿನ ಹೆಸರಿಲ್ಲದಿರುವುದು ಆ ಕಾರಣಕ್ಕೆ. ನನ್ನ ಹೇಡಿತನವೂ ಸ್ವಲ್ಪ ಇರಬಹುದು.

ಬಸ್ಸು ಬರಲು ತಡವಾಯಿತು. ದಾನಮ್ಮ ಬುಟ್ಟಿಯಿಂದ ನೋಟ್‌ಬುಕ್ ತೆಗೆದು ನೂರಾ ಹದಿನೈದನೇ ಶೆಡ್ಡು ಎಂದು ಬರೆದರು. ಮುಂದೆ ಏನು ಬರೆಯುವುದೆಂದು ಗೊತ್ತಾಗದೆ ಪೆನ್ನು ಹಿಡಿದು ಕೂತರು. ಹುಡುಕುತ್ತಿದ್ದದ್ದು ಸಿಕ್ಕಿದ ಮುಖ ಅದಲ್ಲ. ಓದಿ ಹೇಳಿದರೆ ಸಾಕು ಎಂದು ಇಷ್ಟು ವರ್ಷ ನಂಬಿದ್ದರು. ಓದಿ ಹೇಳಿಯಾಯಿತು.

"ಪಾರಿ ಖರೇನ ಹೇಳಿದ್ಲು," ಎಂದರು.

ಇನ್ನು ಪಾಠ ಬಿಡುತ್ತೀರಾ ಎಂದು ಕೇಳಿದೆ. ಇಲ್ಲ, ಗುರುವಾರ ಹೋಗುತ್ತೇನೆ, ಮೇಡಂಗೆ ರೊಟ್ಟಿ ಕೊಡಬೇಕಲ್ಲ ಎಂದರು. ಮತ್ತೆ ಶುಕ್ರವಾರ? ಹುಡುಕುವುದಕ್ಕೆ ಇನ್ನೇನು ಉಳಿದಿದೆ?

ಅವರು ನೋಟ್‌ಬುಕ್ ಮುಚ್ಚಿ ಬುಟ್ಟಿಯಲ್ಲಿಟ್ಟರು.

"ಇಲ್ಲಿಗೇ ಬರ್ತೀನ್ರಿ, ವಾರ ವಾರ. ಪೂಜಿ ಅಂದ್ರ ಒಳಗ ಬಿಡ್ತಾರ. ಆ ಹುಡುಗಿಗೆ ಪ್ರಸಾದ ಕೊಟ್ಟಂಗ ಮಾಡಿ ಎರಡೂ ಕೈ ಚಾಚಸ್ತೀನಿ. ಬೆರಳು ಎಣಿಸ್ತೀನಿ. ಹತ್ತು ಇದ್ರ ಮನಿಗೆ ಬರ್ತೀನಿ."